ವಿಲ್ಮಾ ಹೊಲಿದ ಮೇಕೆ

ಕ್ಲೀವ್‌ಲೆಂಡಿನ ಒಂದು ಟೆಲಿವಿಷನ್ ಸ್ಟೇಷನ್ನಿನಲ್ಲಿ ನಾನು ಕ್ಯಾಮರಾ ನಡೆಸುತ್ತಿದ್ದೆ. 1951ರಲ್ಲಿ ವಿಲ್ಮಾ ಕೋಚಿಷ್ ಅಲ್ಲಿಗೆ ಬಂದದ್ದು ಪರದೆ ಹೊಲಿಯಲು. ಹಂಗೇರಿಯವರ ಕೇರಿಯ ವಿಧವೆ, ಐವತ್ತರ ಹತ್ತಿರದ ವಯಸ್ಸು, ಹರಿತವಾದ ನಾಲಿಗೆ. ಒಂದು ಸಂಜೆ ಮಕ್ಕಳ ಕಾರ್ಯಕ್ರಮದ ಕೋಡಂಗಿ ಕುಡಿದು ಬಂದು ನಿಲ್ಲಲಾರದೆ ಹೋದ. ಆಗೆಲ್ಲ ನೇರ ಪ್ರಸಾರ. ಹದಿನೈದು ನಿಮಿಷ ಹೇಗಾದರೂ ತುಂಬಲೇಬೇಕು. ವಿಲ್ಮಾ ತನ್ನ ಚೀಲದಿಂದ ಮೇಕೆಯ ಗೊಂಬೆಯೊಂದನ್ನು ತೆಗೆದಳು. ತೀರಿಹೋದ ಗಂಡನ ಬೂದು ಕೋಟನ್ನು ಕತ್ತರಿಸಿ, ಚರ್ಚಿನ ಮಾರಾಟಕ್ಕೆಂದು ಹೊಲಿದದ್ದು. ಅದನ್ನು ಕೈಗೆ ತೊಟ್ಟು, ಹಲಗೆಯ ಹಿಂದೆ ಮಂಡಿಯೂರಿ, ಗೊಗ್ಗರು ದನಿಯಲ್ಲಿ ಮಾತಿಗಿಳಿದಳು.

ಡೂಲಿ ಎಂಬ ಆ ಮೇಕೆಗೆ ವಾರದೊಳಗೆ ಮಕ್ಕಳ ಪತ್ರಗಳು ಮೂಟೆಗಟ್ಟಲೆ ಬಂದವು. ಮ್ಯಾನೇಜರ್ ಲೋರಿಂಗ್ ಒಂದು ಕಾಗದ ತಂದು ವಿಲ್ಮಾಳ ಸಹಿ ಹಾಕಿಸಿಕೊಂಡ. ಸಂಬಳದ ಕಾಗದವೆಂದುಕೊಂಡಳು. ನಾನೂ ಹಾಗೆಯೇ ಅಂದುಕೊಂಡು, ಓದದೆ ಸಾಕ್ಷಿ ಹಾಕಿದೆ.

ನಾಲ್ಕು ವರ್ಷ ಹೀಗೆ ನಡೆಯಿತು. ಅವಳ ಮಂಡಿಗಳು ಸವೆದವು. ಕಾರ್ಯಕ್ರಮಕ್ಕೆ ದುಡ್ಡು ಕೊಡುತ್ತಿದ್ದದ್ದು ಒಂದು ಬ್ರೆಡ್ ಕಂಪನಿ; ಡೂಲಿ ದಿನವೂ ಅದರ ಬ್ರೆಡ್ಡನ್ನು ಹೊಗಳಬೇಕು. ಒಂದು ದಿನ ಡೂಲಿ ಬ್ರೆಡ್ಡನ್ನು ಮೂಸಿ, ಪಕ್ಕಕ್ಕೆ ತಳ್ಳಿ, ಸುತ್ತಿದ ಕಾಗದವನ್ನು ಚಪ್ಪರಿಸಿ ತಿಂದ. ನಮಗೆಲ್ಲ ನಗು ತಡೆಯಲಾಗಲಿಲ್ಲ. ಕಂಪನಿಯವರು ನಗಲಿಲ್ಲ.

ಮರುದಿನ ಲೋರಿಂಗ್ ನಮ್ಮಿಬ್ಬರನ್ನೂ ಕರೆಸಿದ. ಇನ್ನು ಬರುವುದು ಬೇಡವೆಂದು ಅವಳಿಗೆ ತಣ್ಣಗೆ ಹೇಳಿದ. ವಿಲ್ಮಾ ಮೇಕೆಯನ್ನು ಚೀಲಕ್ಕೆ ಹಾಕಿಕೊಳ್ಳಹೋದಳು.

"ಅದನ್ನ ಇಲ್ಲೇ ಇಡಿ, ಮಿಸೆಸ್ ಕೋಚಿಷ್. ಅದು ಸ್ಟೇಷನ್ದು. ನೀವೇ ಬರ್ಕೊಟ್ಟಿದೀರಲ್ಲ."

"ಇದು ನನ್ನ ಗಂಡನ ಕೋಟು ಕಣಯ್ಯಾ."

ಲೋರಿಂಗ್ ಅಂದು ಸಹಿ ಹಾಕಿಸಿಕೊಂಡ ಕಾಗದವನ್ನು ನನ್ನತ್ತ ತಿರುಗಿಸಿ, ಈ ಸಹಿ ನಿನ್ನದೇ ಅಲ್ಲವೇ ಎಂದು ಕೇಳಿದ. ಹೌದು ಎಂದೆ. ಅವಳು ನನ್ನ ಮುಖವನ್ನೂ ನೋಡದೆ ಗೊಂಬೆಯನ್ನು ಮೇಜಿನ ಮೇಲಿಟ್ಟಳು.

ಮುಂದಿನ ಸೋಮವಾರ ಡ್ವೈಟ್ ಪೆಲ್ ಎಂಬ ಹುಡುಗಾಟದ ನಟ ಡೂಲಿಯೊಳಗೆ ಕೈ ತೂರಿಸಿದ. ಅವಳ ದನಿಯನ್ನೇ ಅನುಕರಿಸಿದ. ಮಕ್ಕಳಿಗೆ ವ್ಯತ್ಯಾಸ ತಿಳಿಯಲೇ ಇಲ್ಲ.

ವಿಲ್ಮಾ ಬಟ್ಟೆ ಅಂಗಡಿಯೊಂದರಲ್ಲಿ ಕೋಟುಗಳ ಅಂಚು ಮಡಿಸುವ ಕೆಲಸಕ್ಕೆ ಸೇರಿದಳು. ಆ ಕ್ರಿಸ್‌ಮಸ್ಸಿಗೆ ಚರ್ಚಿನಲ್ಲಿ ಮಕ್ಕಳ ಮುಂದೆ ಮೇಕೆಯ ದನಿಯಲ್ಲಿ ನಾಲ್ಕು ಮಾತಾಡಿದಳಂತೆ. ಸ್ಟೇಷನ್ನಿನ ವಕೀಲರ ಪತ್ರ ಬಂತು: ಡೂಲಿಯ ದನಿಯೂ ಸ್ಟೇಷನ್ನಿನದೇ, ಇನ್ನೊಮ್ಮೆ ಹಾಗೆ ಮಾಡಿದರೆ ಕೋರ್ಟು. ಕ್ಷಮೆ ಕೇಳಲೆಂದು ಅಂಗಡಿಗೆ ಹೋದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದಳು. ಒಂದೊಂದಾಗಿ ತೆಗೆದಿಟ್ಟು ಹೇಳಿದಳು:

"ಕೋಟು ಹೋದ್ರೆ ಹೋಗ್ಲಿ, ಎಲ್ಮರ್. ಗಂಟಲೂ ಅವರದೇ ಅಂತೆ. ನೀನು ಹೋಗಪ್ಪ, ಗಿರಾಕಿ ಬರೋ ಹೊತ್ತು."

ಅವಳು 1967ರಲ್ಲಿ ತೀರಿಕೊಂಡಳು. ಪತ್ರಿಕೆಯ ಮರಣವಾರ್ತೆಯಲ್ಲಿ ದರ್ಜಿ ಎಂದಷ್ಟೇ ಇತ್ತು. ಅದೇ ವಾರ ಅದೇ ಪತ್ರಿಕೆ ಡ್ವೈಟ್ ಪೆಲ್‌ನ ದೊಡ್ಡ ಚಿತ್ರ ಹಾಕಿ, ಡೂಲಿಯನ್ನು ಸೃಷ್ಟಿಸಿದವನೆಂದು ಬರೆಯಿತು. ತಪ್ಪೆಂದು ತಿಳಿಸಲು ಒಂದು ಕಾಗದ ಬರೆದೆ. ಸ್ಟೇಷನ್ನಿನಿಂದ ನನಗೆ ಪಿಂಚಣಿ ಸಿಗಲು ಇನ್ನೂ ಎರಡು ವರ್ಷವಿತ್ತು. ಅಂಚೆಗೆ ಹಾಕಲಿಲ್ಲ.