ನೀರಿಗೆ ಮೂರು ಪೆಟ್ಟು

ಆಗೆಲ್ಲ ಬೇಸಿಗೆ ರಜೆ ಎಂದರೆ ನಮಗೆ ಶಿಂಷಾ ಹೊಳೆ. ತುಮಕೂರಿನ ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಕಂಡವರು ನಾವು. ಕುಣಿಗಲ್ ಕಡೆಯ ಅಜ್ಜಿ ಊರಿಗೆ ಬಂದರೆ ಹೊಳೆ ದಡ ಬಿಟ್ಟು ಏಳುತ್ತಿರಲಿಲ್ಲ. ನಿಮ್ಮೂರ ಹೊಳೆಗೂ ಆ ವಾಸನೆ ಇದ್ದೀತು: ಬಿಸಿಲಿಗೆ ಕಾದ ಪಾಚಿ, ಬಾರ್ ಸೋಪು, ಸೀಗೆಪುಡಿ. ಅಜ್ಜಿ ಒಗೆದ ಬಟ್ಟೆ ಒಣಗುವವರೆಗೆ ಮರಳಲ್ಲಿ ಕುಂಟೆಬಿಲ್ಲೆ, ಮಡಿಲಲ್ಲಿ ಕಡ್ಲೆಪುರಿ.

ಹೊಳೆಗಿಳಿಯುವ ಜಾಗದಲ್ಲಿ ಒಂದು ಹೊಂಗೆ ಕೋಲು ಸದಾ ಇರುತ್ತಿತ್ತು. ಯಾರೇ ಇಳಿಯಲಿ, ಮೊದಲು ಅದರಿಂದ ನೀರಿಗೆ ಮೂರು ಪೆಟ್ಟು ಹಾಕಬೇಕು. "ಸರ್ಕೊಳವ್ವಾ, ನಾವ್ ಬಂದಿದೀವಿ," ಅನ್ನುತ್ತಿದ್ದಳು ಅಜ್ಜಿ. ಯಾರಿಗೆ ಎಂದು ಕೇಳಿದರೆ, "ಒಳಗಿರೋರ್ಗೆ ಕಣೇ. ಅವ್ರ ಮನೇಗೆ ಹೇಳ್ದೆ ಕೇಳ್ದೆ ನುಗ್ತಾರಾ?" ಒಳಗಿದ್ದದ್ದು ಮೊಸಳೆ. ಆ ಹೆಸರನ್ನು ಹೊಳೆ ದಡದಲ್ಲಿ ಯಾರೂ ಎತ್ತುತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ನೀರುನಾಯಿ. ಎದುರು ದಡದ ಬಂಡೆಯಲ್ಲಿ ಮರಿ ಹಾಕಿದೆ ಎಂದು ಸುದ್ದಿ. ಕೋಲಿನ ಸದ್ದಾದರೆ ಎಲ್ಲವೂ ಮಾಯ. ನಾಲ್ಕು ದಿನ ಬರೀ ಬಂಡೆ ನೋಡಿ ರೇಗಿಹೋಗಿತ್ತು. ಐದನೆಯ ದಿನ ಅಜ್ಜಿ ದಾರಿಯಲ್ಲಿ ಯಾರೊಂದಿಗೋ ಮಾತಿಗೆ ನಿಂತಳು. ನಾನು ಮುಂದೆ ಓಡಿ ಕೋಲನ್ನು ಪೊದೆಗೆ ಎಸೆದೆ.

"ಬಡೀದೆ ಇಳೀಬಾರ್ದು ಕಣೇ ಅಕ್ಕ," ಅಂದಳು ಆರು ವರ್ಷದ ತಂಗಿ ಲತಾ.

"ಸುಮ್ನಿರ್ಲೇ. ಮರಿ ನೋಡ್ಬೇಕೋ ಬ್ಯಾಡ್ವೋ?"

ಮರಿಗಳು ಬಂದವು, ಮೂರು. ಒಂದು ಮೀನಿಗೆ ಕಿತ್ತಾಡುತ್ತಿದ್ದವು. ಲತಾ ನಗುತ್ತಾ ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟಳು. ಅಷ್ಟರಲ್ಲಿ ತಾಯಿ ನೀರುನಾಯಿ ಕಿರುಚಿತು, ಮರಿಗಳು ಸಂದಿಗೆ ನುಗ್ಗಿದವು. ಲತಾಳಿಂದ ಒಂದು ಮಾರು ದೂರದಲ್ಲಿ ನಾನು ಕೊರಡು ಅಂದುಕೊಂಡದ್ದಕ್ಕೆ ಕಣ್ಣಿತ್ತು.

ಬಡಿಯಲು ಕೋಲಿಲ್ಲ. ಕೈಯಿಂದಲೇ ನೀರಿಗೆ ಬಡಿದೆ, ಎಷ್ಟು ಸಲವೋ ಗೊತ್ತಿಲ್ಲ. ಆ ಕಣ್ಣು ಮುಳುಗಿತು. ಎತ್ತ ಹೋಯಿತೆಂದು ಕಾಣಲಿಲ್ಲ. ಲತಾಳ ಜಡೆ ಕೈಗೆ ಸಿಕ್ಕಿತು, ಎಳೆದೆ. ಇಬ್ಬರೂ ಮರಳಿನ ಮೇಲೆ ಬಿದ್ದೆವು.

ಅಜ್ಜಿ ಬಂದಳು, ಪೊದೆಯಲ್ಲಿದ್ದ ಕೋಲು ನೋಡಿದಳು. ಹೊಡೆಯಲಿಲ್ಲ. "ಅದ್ರ ತಪ್ಪಲ್ಲ ಕಣೇ, ಅದು ಅದ್ರ ಮನೇಲಿತ್ತು," ಅಂದಳು. ರಜೆ ಮುಗಿಯುವವರೆಗೂ ನಾನು ಆಗಾಗ ಲತಾಳ ಕಾಲು ಮುಟ್ಟಿ ನೋಡುತ್ತಿದ್ದೆ, ಎರಡೂ ಇವೆಯೇ ಎಂದು.

ಹೋದ ವರ್ಷ ಲತಾಳ ಮಗಳಿಗೆ ಹೊಳೆ ತೋರಿಸಲು ಹೋದೆವು. ಈಗ ಅಲ್ಲಿ ಕಾಂಕ್ರೀಟ್ ಮೆಟ್ಟಿಲು, ಕಂಬಿ, ನೀರುನಾಯಿಯ ಚಿತ್ರವಿರುವ ಬೋರ್ಡು. ಮರಳು ಲಾರಿ ಹತ್ತಿ ಹೋಗಿದೆ, ಅಗೆದ ಗುಂಡಿಗಳಲ್ಲಿ ಹಸಿರು ನೀರು ನಿಂತಿದೆ. ಮಗು ಇಳಿಯಲು ಹೊರಟಾಗ ಲತಾ ತಟ್ಟನೆ ಒಂದು ಕಡ್ಡಿ ಎತ್ತಿಕೊಂಡು ನೀರಿಗೆ ಬಡಿದಳು. "ಸರ್ಕೊಳವ್ವಾ, ನಾವ್ ಬಂದಿದೀವಿ."

ಮೂರು ಪೆಟ್ಟು ಮುಗಿದರೂ ಒಂದು ಕಪ್ಪೆ ಸಹ ಎಗರಲಿಲ್ಲ. ಸರಿದುಕೊಳ್ಳಲು ಒಳಗೆ ಯಾರೂ ಇರಲಿಲ್ಲ.