ವಿಮಾನಕ್ಕೆ ಹೊಲಿದ ದಾನಮ್ಮ

ವಾಡಿಯಂಥ ಊರಿಗೆ ಕೈಕೆಲಸದ ಜಾಣ ಒಬ್ಬನಿದ್ದರೆ ಸಾಕು, ಆ ಒಬ್ಬ ನಾನೇ ಎಂದು ಬಹಳ ದಿನ ನಂಬಿಕೊಂಡಿದ್ದೆ. ನನ್ನ ಹೆಸರು ರಘೂತ್ತಮ. ಇಪ್ಪತ್ತೊಂಬತ್ತು ವರ್ಷ ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಸ್ಟೇಷನ್ ರಸ್ತೆಯಲ್ಲಿ ಒಂದು ಲೇಥ್ ಇಟ್ಟುಕೊಂಡು ಕೂತಿದ್ದೇನೆ. ಶಹಾಬಾದಿನಿಂದ ಚಿತ್ತಾಪುರದವರೆಗೆ ಯಾರ ಪಂಪು, ಯಾರ ಟ್ರ್ಯಾಕ್ಟರು ಕೆಟ್ಟರೂ ಮೊದಲು ನನ್ನ ಹೆಸರೇ ಬರುತ್ತಿತ್ತು. ಎದುರಿಗೆ ದಾನಮ್ಮನ ಸೀಟ್ ಕವರ್ ಅಂಗಡಿ ಬರುವ ತನಕ.

ಇದು ದಾನಮ್ಮನ ಕತೆ. ನಡುನಡುವೆ ನನ್ನದೂ ಬಂದರೆ ಓದುವವರು ಸಹಿಸಿಕೊಳ್ಳಬೇಕು. ನಾನು ಎಂಟು ವರ್ಷದಿಂದ ಅವಳನ್ನು ಸಹಿಸಿಕೊಂಡಿದ್ದೇನೆ.

ಅವಳ ತವರು ರಾವೂರ. ಗಂಡ ಸೂರ್ಯಕಾಂತ ಕಲ್ಲಿನ ಗಣಿಯಿಂದ ಟಿಪ್ಪರ್ ಓಡಿಸುತ್ತಾನೆ. ಮದುವೆಯಾದ ಹೊಸತರಲ್ಲಿ ಅವನಿಗೆ ಸೊಂಟ ಹಿಡಿದುಕೊಂಡು ಏಳಲು ಕೂರಲು ಆಗುತ್ತಿರಲಿಲ್ಲವಂತೆ. ದಾನಮ್ಮ ಟಿಪ್ಪರ್ ಹತ್ತಿ, ಅವನನ್ನು ಸ್ಟಿಯರಿಂಗ್ ಮುಂದೆ ಕೂಡಿಸಿ, ಅವನು ಗೇರು ಹಾಕುವಾಗ ಮೈ ಯಾವ ಕಡೆ ವಾಲುತ್ತದೆ ಎಂದು ಅರ್ಧ ಗಂಟೆ ನೋಡಿದಳು. ಆಮೇಲೆ ಹಳೆಯ ಕೌದಿಯನ್ನು ಮಡಚಿ ಒಂದು ಬದಿಗೆ ದಪ್ಪ, ಒಂದು ಬದಿಗೆ ತೆಳ್ಳಗೆ ಸೀಟಿಗೆ ಹೊಲಿದಳು. ನೋವು ಹೋಯಿತು. ಮರುವಾರವೇ ಉಳಿದ ಡ್ರೈವರುಗಳು ಮನೆ ಮುಂದೆ ಗಾಡಿ ನಿಲ್ಲಿಸಿದರು. ಶಹಾಬಾದಿನಲ್ಲಿ ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುತ್ತಿದ್ದ ಬಾಬುಮಿಯಾ ಎಂಬ ಮುದುಕ ಅವಳಿಗೆ ದಪ್ಪ ಬಟ್ಟೆಯ ಕೆಲಸ ಕಲಿಸಿ, ಕಣ್ಣು ಮಂಜಾದಾಗ ತನ್ನ ಮಷೀನನ್ನೂ ಅವಳಿಗೇ ಬಿಟ್ಟುಕೊಟ್ಟ.

ಅವಳ ಕೆಲಸದ ರೀತಿ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಡ್ರಾಯಿಂಗ್ ಇಲ್ಲ, ಕ್ಯಾಲಿಪರ್ ಇಲ್ಲ. ಗಿರಾಕಿ ಬಂದರೆ ಮೊದಲು ಕೂತು ತೋರಿಸು ಎನ್ನುತ್ತಾಳೆ. ಅವನು ಕೂತರೆ ಮೊಣಕಾಲು ನೋಡುತ್ತಾಳೆ, ಮೊಣಕೈ ನೋಡುತ್ತಾಳೆ, ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆಯುತ್ತಾಳೆ, ಅಷ್ಟೇ. ನಾನು ಎರಡೆರಡು ವರ್ಷ ಅಳತೆ ಕಲಿಸಿದರೂ ಹುಡುಗರಿಗೆ ಬಾರದ್ದು ಅವಳ ಗೆರೆಯಲ್ಲಿ ಸರಿಯಾಗಿ ಬರುತ್ತಿತ್ತು.

ಇನ್ನೊಂದು ಅವಳ ಹಟ. ವೆಲ್ಕ್ರೋ ಪಟ್ಟಿ ಬಳಸುವುದಿಲ್ಲ, ಜಿಪ್ಪು ಬಳಸುವುದಿಲ್ಲ. ಸಿಮೆಂಟಿನ ಧೂಳು ಬೀಳುವ ಊರು ನಮ್ಮದು. ಒಗೆದು ಹಾಕಿದ ಬಟ್ಟೆ ಸಂಜೆಗೆ ಬೂದಿ ಬಣ್ಣ. ವೆಲ್ಕ್ರೋ ನಾಲ್ಕು ದಿನದಲ್ಲಿ ಧೂಳು ತುಂಬಿ ಕಚ್ಚುವುದನ್ನೇ ಬಿಡುತ್ತದೆ, ಜಿಪ್ಪು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಅವಳು ಹೆಂಗಸರ ಪರ್ಸಿಗೆ ಹಾಕುವ ಮ್ಯಾಗ್ನೆಟ್ ಗುಂಡಿಯನ್ನು ಬಟ್ಟೆಯ ಎರಡು ಪದರದ ನಡುವೆ ಅಡಗಿಸಿ ಹೊಲಿಯುತ್ತಿದ್ದಳು. ಲಾರಿಯವರ ಕಾಗದಪತ್ರದ ಚೀಲಗಳೆಲ್ಲ ಹಾಗೇ ಟಕ್ಕೆಂದು ಮುಚ್ಚಿಕೊಳ್ಳುತ್ತಿದ್ದವು. ಹೊರಗಿನಿಂದ ನೋಡಿದರೆ ಗುಂಡಿ ಎಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ.

ಇಷ್ಟೆಲ್ಲ ಇದ್ದರೂ ಅವಳದೊಂದು ಪದ್ಧತಿಯಿತ್ತು. ಹೊಸದೇನು ಹೊಲಿದರೂ ಮೊದಲು ರಸ್ತೆ ದಾಟಿ ನನ್ನ ಮುಂದೆ ತಂದಿಡುತ್ತಿದ್ದಳು. ನಾನು ಮುಖ ಗಂಟಿಕ್ಕಿಕೊಂಡೇ ನೋಡುತ್ತಿದ್ದೆ, ಆದರೆ ಕೆಲಸದ ವಿಷಯದಲ್ಲಿ ಸುಳ್ಳು ಹೇಳುತ್ತಿರಲಿಲ್ಲ. ಒಮ್ಮೆ ಟ್ರ್ಯಾಕ್ಟರಿನ ಬೆಲ್ಟಿಗೆ ಅಂಚಿನ ಹತ್ತಿರವೇ ಹೊಲಿಗೆ ಹಾಕಿದ್ದಳು, ಜಗ್ಗಿದರೆ ಹರಿಯುತ್ತದೆ ಎಂದೆ. ಬಿಚ್ಚಿ ಮತ್ತೆ ಹೊಲಿದಳು. ಅವಳು ತಲೆಯಾಡಿಸಿ ಹೋದಾಗಲೆಲ್ಲ ನನಗೆ ಒಂದು ದಿನದ ಸಮಾಧಾನ ಸಿಗುತ್ತಿತ್ತು. ಮರುದಿನ ಅವಳ ಅಂಗಡಿ ಮುಂದೆ ಐದು ಲಾರಿ ನಿಂತರೆ ಮತ್ತೆ ಹೊಟ್ಟೆಯಲ್ಲಿ ಕಿಚ್ಚು. ನನ್ನ ಹೆಂಡತಿ ಪದ್ಮಜಾ ಬೇರೆ, ದಾನಮ್ಮ ಹೊಲಿದ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಮಠಕ್ಕೆ ಹೋಗಿಬರುತ್ತಿದ್ದಳು.

ಹೋದ ಮಾರ್ಚಿನಲ್ಲಿ ಕ್ಯಾಪ್ಟನ್ ಮೆಹತಾಬ್ ನನ್ನ ಅಂಗಡಿಗೆ ಬಂದ. ಗಮನಿಸಿ, ಮೊದಲು ನನ್ನ ಅಂಗಡಿಗೆ. ಅವನ ತಾಯಿಯ ಮನೆ ಚಿತ್ತಾಪುರ. ಅವನು ಕಲಬುರಗಿಯಿಂದ ಸೇಡಂಗೆ ಹೋಗುವ ದಾರಿಯಲ್ಲಿ, ಸಣ್ಣ ವಿಮಾನ ಹಾರಿಸಲು ಕಲಿಸುವ ಒಂದು ಶಾಲೆಯಲ್ಲಿ ಮೇಷ್ಟ್ರು. ಈಗ ನಕ್ಷೆ, ಹವಾಮಾನ, ದಾರಿ ಎಲ್ಲವೂ ಟ್ಯಾಬ್‌ನಲ್ಲಿ ಇರುತ್ತದಂತೆ. ಆದರೆ ಆ ಟ್ಯಾಬನ್ನು ವಿಮಾನದೊಳಗೆ ಎಲ್ಲಿ ಇಡುವುದು ಎಂಬುದೇ ತಲೆನೋವು. ಗಾಜಿಗೆ ಅಂಟಿಸಲು ಕೊಂಡು ತಂದ ರಬ್ಬರ್ ಬಟ್ಟಲಿನ ಸ್ಟ್ಯಾಂಡು ನಮ್ಮ ಬಿಸಿಲಿಗೆ ಗಾಜು ಬಿಟ್ಟು ಬೀಳುತ್ತದೆ. ತೊಡೆಯ ಮೇಲೆ ಇಟ್ಟುಕೊಂಡರೆ ವಿಮಾನ ನಡೆಸುವ ಮುಂದಿನ ಹಿಡಿಯನ್ನು ಹೊಟ್ಟೆಯ ಕಡೆ ಎಳೆದಾಗ ತಾಗುತ್ತದೆ. ಚಂದ್ರಂಪಳ್ಳಿ ಕೆರೆಯ ಮೇಲೆ ತಿರುಗುವಾಗ ಒಬ್ಬನ ತೊಡೆಯಿಂದ ಜಾರಿ ಕಾಲಿನ ಪೆಡಲಿನ ಕೆಳಗೆ ಹೋಗಿ ಸಿಕ್ಕಿಕೊಂಡಿತ್ತಂತೆ. ಹಳೆಯ ರೇಡಿಯೋ ತೆಗೆದ ಜಾಗದಲ್ಲಿ, ಮುಂದಿನ ಫಲಕದ ನಡುವೆ, ಒಂದು ಖಾಲಿ ತಗಡು ಇದೆ. ಅದರ ಮೇಲೆ ನಿಲ್ಲುವಂಥದ್ದು ಏನಾದರೂ ಮಾಡಿಕೊಡಿ ಎಂದ. ವಿಮಾನಕ್ಕೆ ತೂತು ಹಾಕುವಂತಿಲ್ಲ, ತಿರುಪು ಬಿಗಿಯುವಂತಿಲ್ಲ.

ಒಂಬತ್ತು ದಿನ ಕೂತು ಮಾಡಿದೆ. ಲೇಥ್ ಕೆಲಸದವರಿಗೆ ಮ್ಯಾಗ್ನೆಟ್ ಬೇಸ್ ಎಂಬುದು ಮೂರನೆಯ ಕೈ ಇದ್ದ ಹಾಗೆ. ಅಳತೆಯ ಡಯಲ್ ಗಡಿಯಾರ ಹಿಡಿಸುವುದು, ದೀಪ ಹಿಡಿಸುವುದು, ಎಲ್ಲಕ್ಕೂ ಅದೇ. ತೂತಿಲ್ಲ, ತಿರುಪಿಲ್ಲ ಎಂದ ಮೇಲೆ ಇನ್ನೇನು? ನಾಲ್ಕು ಮ್ಯಾಗ್ನೆಟ್ ಪಾದಗಳ ಮೇಲೆ ಹೊಳೆಯುವ ಚೌಕಟ್ಟು. ಅದನ್ನು ತೆಗೆದುಕೊಂಡು ಹೋಗಿ, ಹುಡುಗ ಹುಡುಗಿಯರೆಲ್ಲ ನೋಡುತ್ತಿರುವಾಗ, ವಿಮಾನದ ಫಲಕಕ್ಕೆ ಒತ್ತಿ ಕೈಬಿಟ್ಟೆ. ಧಡ್ ಎಂದು ನನ್ನ ಕಾಲ ಮೇಲೇ ಬಿತ್ತು. ತಗಡು ಅಲ್ಯುಮಿನಿಯಂ. ಅಲ್ಯುಮಿನಿಯಂಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ ಎಂದು ಇಪ್ಪತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಬರೆದವನು ನಾನು.

ಮೆಹತಾಬ್ ನಗಲಿಲ್ಲ. ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದ.

“ಹಿಡದಿದ್ರೂ ನಡೀತಿದ್ದಿಲ್ರಿ ಸರ್. ಮ್ಯಾಲ ಒಂದು ಗೇಣಿನ ಮ್ಯಾಗ ಕಂಪಾಸ್ ಅದ. ಬಾಜೂಕ ಮ್ಯಾಗ್ನೆಟ್ ಬಂದ್ರ ದಿಕ್ಕು ತಪ್ಪು ತೋರಸ್ತದ. ಎಲ್ಲಾ ಬಂದ್ ಬಿದ್ದಾಗ ನಮಗ ಅದೊಂದೇ ಗತಿ.”

ಮರುವಾರ ಅವನ ಕಾರು ದಾನಮ್ಮನ ಅಂಗಡಿ ಮುಂದೆ ನಿಂತಿತ್ತು. ಸೀಟ್ ಕವರ್ ಹಾಕಿಸಲು ಬಂದವನು ಮಾತಿಗೆ ಮಾತು ಬೆಳೆದು ಟ್ಯಾಬಿನ ವಿಷಯ ತೆಗೆದಿದ್ದ. ನಾನು ಲೇಥ್ ನಿಲ್ಲಿಸಿ ನೋಡುತ್ತ ನಿಂತೆ. ಅವಳು ಅವನನ್ನು ಸ್ಟೂಲಿನ ಮೇಲೆ ಕೂಡಿಸಿದಳು, ಇಲ್ಲದ ಹಿಡಿಯನ್ನು ಹೊಟ್ಟೆಯ ತನಕ ಎಳೆಯಿಸಿದಳು, ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಸಾವಿರ ಗಂಟೆ ಹಾರಿದ ಕ್ಯಾಪ್ಟನ್ ನಮ್ಮ ಸ್ಟೇಷನ್ ರಸ್ತೆಯಲ್ಲಿ ಸ್ಟೂಲಿನ ಮೇಲೆ ಕೂತು ವಿಮಾನ ಹಾರಿಸಿದ. ಚಹಾದಂಗಡಿಯವರೆಲ್ಲ ಎದ್ದು ಬಂದು ನೋಡಿದರು. ನನ್ನ ಅಂಗಡಿಗೆ ಅವನು ಬಂದಾಗ ಒಬ್ಬನೂ ತಿರುಗಿ ನೋಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಶಾಲೆಯ ಚೀಫ್ ಎಂಜಿನಿಯರ್ ನೋಡುವುದು, ಒಪ್ಪಿದರೆ ಎಂಟು ವಿಮಾನಕ್ಕೂ ಅವಳೇ ಹೊಲಿಯುವುದು, ಒಪ್ಪದಿದ್ದರೆ ಎರಡನೆಯ ಸಲ ಅವರು ನೋಡುವುದಿಲ್ಲ ಎಂದು ಮಾತಾಯಿತು. ವಿಮಾನಕ್ಕೆ ಹೊಲಿದವಳು ಎಂದು ಬೋರ್ಡಿನ ಮೇಲೆ ಬರೆಸಬೇಕೆಂಬ ಆಸೆ ಅವಳಿಗೆ. ಅದನ್ನು ಪದ್ಮಜಾಳ ಮುಂದೆ ಹೇಳಿಕೊಂಡಿದ್ದಳು, ಪದ್ಮಜಾ ಊಟಕ್ಕೆ ಬಡಿಸುತ್ತ ನನಗೆ ಹೇಳಿದಳು.

ಗುರುವಾರ ಸಂಜೆ ದಾನಮ್ಮ ರಸ್ತೆ ದಾಟಿ ಬಂದಳು. ದಪ್ಪ ಕ್ಯಾನ್ವಾಸಿನ ಜೋಳಿಗೆ. ಹಿಂದೆ ಬಿಸಿ ಹೋಗಲೆಂದು ಜಾಲರಿ ಬಟ್ಟೆ, ಮುಂದೆ ಟ್ಯಾಬ್ ಕಾಣುವಷ್ಟು ಕಿಟಕಿ, ಮೆಹತಾಬ್ ಫೋಟೋದಲ್ಲಿ ತೋರಿಸಿದ್ದ ಫಲಕದ ಎರಡು ಗಾಳಿಗಂಡಿಗಳಲ್ಲಿ ಹಾಯಿಸಿ ಕಟ್ಟಲು ಎರಡು ಪಟ್ಟಿ. ಎಲ್ಲಿ ಎಳೆದರೂ ಹೊಲಿಗೆ ಅಲುಗುತ್ತಿರಲಿಲ್ಲ. ಇಂಥದ್ದು ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ ಎಂದು ಕಣ್ಣು ಉರಿಯಿತು.

“ಸರ್, ಜರಾ ನೋಡ್ರಿ. ಏನರ ತಪ್ಪಿದ್ರ ಈಗೇ ಹೇಳ್ರಿ,” ಎಂದಳು.

ಮುಚ್ಚಳ ಎತ್ತಿದೆ, ಬಿಟ್ಟೆ. ಟಕ್ ಎಂದು ಮುಚ್ಚಿಕೊಂಡಿತು. ನಾಲ್ಕು ಮೂಲೆಗೆ ನಾಲ್ಕು ಗುಂಡಿ. ಮೇಜಿನ ಮೇಲಿದ್ದ ನನ್ನ ಸ್ಕ್ರೂಡ್ರೈವರ್ ತಾನಾಗಿಯೇ ಸರಿದು ಬಂದು ಬಟ್ಟೆಗೆ ಅಂಟಿತು. ದಾನಮ್ಮ ನಕ್ಕು ಅದನ್ನು ಬಿಡಿಸಿ ಪಕ್ಕಕ್ಕಿಟ್ಟಳು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಕ್ಯಾಪ್ಟನ್ ಅವಳಿಗೂ ಹೇಳಿರುತ್ತಾನೆ ಬಿಡು ಎಂದುಕೊಂಡೆ. ಹೇಳಿಲ್ಲವೆಂದು ಕಣ್ಣೆದುರಿಗೇ ಕಾಣುತ್ತಿತ್ತು. ಅವನು ಗುಂಡಿಯನ್ನು ನೋಡಿಯೇ ಇಲ್ಲ, ಅದು ಬಟ್ಟೆಯೊಳಗಿದೆ. ಯಾರಾದರೂ ಹಾಗೇ ಹಾರಿಬಿಟ್ಟರೆ ಎಂಬ ಯೋಚನೆಯೂ ಬಂತು. ಎಂಜಿನಿಯರ್ ನೋಡದೆ ಹಾರಿಸುತ್ತಾರೆಯೇ ಎಂದು ಅದನ್ನೂ ಆಚೆ ನೂಕಿದೆ. ಫಲಕದ ಮುಂದೆ ಒಮ್ಮೆ ಅವಳೂ ತಲೆ ತಗ್ಗಿಸಲಿ, ನನಗೆ ಬೇಕಾದದ್ದು ಅಷ್ಟೇ.

“ಹೊಲಿಗಿ ಛಲೋ ಅದ,” ಎಂದೆ.

ಅವಳು ಜೋಳಿಗೆಯನ್ನು ಎದೆಗೊತ್ತಿಕೊಂಡು ಹೋದಳು. ಹೋಗುವಾಗ, ಅಲ್ಲಿಯವರು ಇಂಗ್ಲಿಷಿನಲ್ಲಿ ಕೇಳಿದರೆ ತನಗೆ ತಿಳಿಯುವುದಿಲ್ಲ, ನಾಳೆ ನೀವೂ ಬರಬೇಕು ಎಂದು ಕೇಳಿಕೊಂಡಳು. ಒಪ್ಪಿದೆ. ಯಾಕೆ ಒಪ್ಪಿದೆ ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ.

ಮೆಹತಾಬನ ಕಾರಿನಲ್ಲೇ ಹೋದೆವು. ಅವಳು ಹೊಲಿದ ಹೊಸ ಸೀಟು. ನನ್ನ ಸೊಂಟಕ್ಕೆ ದಾರಿಯುದ್ದಕ್ಕೂ ಎಷ್ಟು ಹಾಯಾಗಿತ್ತೆಂದರೆ ಸಿಟ್ಟು ಬಂತು.

ವಿಮಾನ ನೆರಳಿನಲ್ಲಿ ನಿಂತಿತ್ತು. ಚೀಫ್ ಎಂಜಿನಿಯರ್ ಮಾತು ಕಡಿಮೆಯ ಮನುಷ್ಯ. ಜೋಳಿಗೆಯ ಪಟ್ಟಿಗಳನ್ನು ಗಂಡಿಗಳಲ್ಲಿ ಹಾಯಿಸಿ ಕಟ್ಟಿದರು. ಜಗ್ಗಿ ನೋಡಿದರು. ಹಿಡಿಯನ್ನು ಪೂರ್ತಿ ಎಳೆದು ನೋಡಿದರು, ಎಲ್ಲಿಯೂ ತಾಗಲಿಲ್ಲ. ಮುಖದಲ್ಲಿ ಮೆಚ್ಚುಗೆ ಕಂಡಿತು. ಆಮೇಲೆ ಮೇಲಿನ ಕಂಪಾಸಿನ ಕಡೆ ನೋಡಿದರು. ಜೋಳಿಗೆ ಬಿಚ್ಚಿ ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಕಂಪಾಸಿನ ಬಟ್ಟಲಿನೊಳಗಿನ ಅಂಕಿಗಳು ಜಾರಿ ಹೋದವು. ಇಪ್ಪತ್ತು ಡಿಗ್ರಿ ತಪ್ಪು, ಇದು ಆಗುವುದಿಲ್ಲ ಎಂದು ಜೋಳಿಗೆಯನ್ನು ಅವಳ ಕೈಗೆ ಕೊಟ್ಟರು.

ದಾನಮ್ಮ ಹೆದರಲಿಲ್ಲ. ನನ್ನ ಕಡೆ ಕೈ ತೋರಿಸಿದಳು.

“ಅಲ್ರಿ ಸಾಹೇಬ್ರ, ಇದು ಸರ್ ನೋಡ್ಯಾರ. ತಪ್ಪಿದ್ದಿದ್ರ ಅವರು ಹೇಳದೆ ಬಿಡ್ತಿದ್ದಿಲ್ಲ. ನಿಮ್ಮ ಕಂಪಾಸೇ ಇನ್ನೊಮ್ಮೆ ನೋಡ್ರಿ.”

ಚೀಫ್ ಎಂಜಿನಿಯರ್ ನನ್ನನ್ನು ನೋಡಿದರು. ಮೆಹತಾಬ್ ಜೋಳಿಗೆಯ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದ, ಒಳಗಿನ ಗುಂಡಿ ಕೈಗೆ ಸಿಕ್ಕಿರಬೇಕು.

“ರಘೂತ್ತಮ ಸರ್, ನಿಮಗ ಹೇಳಿದ್ದೆ ನಾ.”

“ಹೌದ್ರಿ,” ಎಂದೆ. “ಹೇಳಿದ್ರಿ.”

ದಾನಮ್ಮ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ರೆಕ್ಕೆಯ ಕೆಳಗೆ ನೆಲದ ಮೇಲೆ ಕೂತಳು. ಚೀಲದಿಂದ ಕತ್ತರಿ, ಸೂಜಿ, ದಾರ ತೆಗೆದಳು. ಹೊಲಿಗೆ ಬಿಚ್ಚಿ ನಾಲ್ಕೂ ಗುಂಡಿಗಳನ್ನು ಹೊರಗೆ ಹಾಕಿದಳು. ಪಟ್ಟಿಯ ತುದಿಯಿಂದ ಉದ್ದನೆಯ ಚೂರು ಕತ್ತರಿಸಿ, ಸುತ್ತಿ, ಗುಂಡಿ ಇದ್ದಲ್ಲಿ ಕೂಸಿನ ಕುಲಾವಿಗೆ ಹೊಲಿಯುವಂಥ ಕಟ್ಟುವ ಕಸಿಗಳನ್ನು ಹೊಲಿದಳು. ಎಂಜಿನಿಯರ್ ಹೋಗಿಬಿಡಬಹುದಿತ್ತು, ಹೋಗಲಿಲ್ಲ, ನಿಂತು ನೋಡಿದರು. ಅರ್ಧ ಗಂಟೆಗೆ ಮುಗಿಯಿತು. ಜೋಳಿಗೆ ಕಟ್ಟಿದರು, ಟ್ಯಾಬ್ ಇಟ್ಟು ಕಸಿ ಬಿಗಿದರು. ಕಂಪಾಸ್ ಕದಲಲಿಲ್ಲ. ಎಂಟೂ ಹೊಲಿಯಲು ಹೇಳಿ ಅವರು ಹೊರಟುಹೋದರು. ಇಂಗ್ಲಿಷು ಯಾರಿಗೂ ಬೇಕಾಗಲಿಲ್ಲ.

ಬರುವಾಗ ಬಸ್ಸು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಶಹಾಬಾದ್ ದಾಟುವ ತನಕ ಅವಳ ಬೆನ್ನನ್ನೇ ನೋಡುತ್ತ ಕೂತಿದ್ದೆ. ವಾಡಿಯಲ್ಲಿ ಇಳಿದ ಮೇಲೆ ನಿಲ್ಲಿಸಿ ಹೇಳಿದೆ, ಹೇಳದೆ ಇರಲು ಆಗಲಿಲ್ಲ.

“ದಾನಮ್ಮ, ನನಗ ಹೊಟ್ಟಿಕಿಚ್ಚಾಗಿತ್ತವಾ.”

“ಗೊತ್ತದ ಸರ್. ಎಂಟು ವರ್ಷ ಆಯ್ತು, ಗೊತ್ತದ,” ಎಂದಳು. “ಆದ್ರ ಕೆಲಸದಾಗ ಸುಳ್ಳು ಹೇಳಂಗಿಲ್ಲ ಅಂದ್ಕೊಂಡಿದ್ದೆ.”

ಸೀರೆಯ ಸೆರಗಿನ ಗಂಟು ಬಿಚ್ಚಿ, ಒಂದಕ್ಕೊಂದು ಅಂಟಿಕೊಂಡಿದ್ದ ನಾಲ್ಕು ಗುಂಡಿಗಳನ್ನು ನನ್ನ ಅಂಗೈಯಲ್ಲಿ ಇಟ್ಟಳು. ಲೇಥಿಗೆ ಕೆಲಸಕ್ಕೆ ಬಂದಾವು ಎಂದು ಹೇಳಿ ರಸ್ತೆ ದಾಟಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆ.

ಈಗ ಅವಳ ಅಂಗಡಿಯ ಮೇಲೆ ಹೊಸ ಬೋರ್ಡಿದೆ, ಮೂಲೆಯಲ್ಲಿ ಒಂದು ಸಣ್ಣ ವಿಮಾನದ ಚಿತ್ರ. ಸೇಡಂ, ಚಿಂಚೋಳಿಯಿಂದಲೂ ಜನ ಬಂದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ನನಗೆ ಹೊಟ್ಟೆ ಉರಿಯುವುದಿಲ್ಲ ಎಂದರೆ ನೀವು ನಂಬಬೇಡಿ. ಆದರೆ ಅದು ಹಳೆಯ ಉರಿ, ಅದರ ಜೊತೆ ಬದುಕಿ ಅಭ್ಯಾಸವಾಗಿದೆ.

ಹೊಸದು ಬೇರೆ. ದಾನಮ್ಮ ಈಗಲೂ ಏನಾದರೂ ಹೊಸದು ಹೊಲಿದರೆ ರಸ್ತೆ ದಾಟಿ ಬರುತ್ತಾಳೆ. ನನಗೆ ನಮಸ್ಕಾರ ಮಾಡುತ್ತಾಳೆ, ಲೇಥಿನ ಪಕ್ಕದಿಂದ ಹಾದು ಅಂಗಡಿಯ ಹಿಂದಿರುವ ನಮ್ಮ ಮನೆಯೊಳಗೆ ಹೋಗುತ್ತಾಳೆ. ಅಲ್ಲಿ ಪದ್ಮಜಾ ಕೈ ಒರೆಸಿಕೊಂಡು, ದಾರವೇನು ಬಟ್ಟೆಯೇನು ಒಂದೂ ತಿಳಿಯದ ಪದ್ಮಜಾ, ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ತನಗೆ ತೋಚಿದ್ದನ್ನು ಹೇಳುತ್ತಾಳೆ. ನಾನು ಲೇಥ್ ನಿಲ್ಲಿಸಿ ಕಿವಿಗೊಟ್ಟು ಕೇಳುತ್ತೇನೆ. ಮೂವತ್ತಾರು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿಯ ಮೇಲೆ ನನಗೆ ಹೊಟ್ಟೆಕಿಚ್ಚು ಬಂದದ್ದು ಇದೇ ಮೊದಲು.