ತನ್ನ ಸೀರೆಗೆ ತಾನೇ ಹೆಸರಿಟ್ಟ ಯಂತ್ರ

2023ರಲ್ಲಿ ನಾನು ಚೆನ್ನೈನ ಪೇಟೆಂಟ್ ಕಚೇರಿಯ ಕೆಲಸದಿಂದ ನಿವೃತ್ತನಾಗಿ ಜಮಖಂಡಿಗೆ ಮರಳಿ, ಮನೆಯ ಮುಂದಿನ ಖೋಲಿಗೆ ‘ಪೇಟೆಂಟ್ ಏಜೆಂಟ್’ ಎಂದು ಬೋರ್ಡು ಹಾಕಿಕೊಂಡು ಕುಳಿತಿದ್ದೆ. ಹೊಸ ಶೋಧ ಮಾಡಿದವರಿಗೆ ಸರ್ಕಾರ ಇಪ್ಪತ್ತು ವರ್ಷಗಳ ಮಟ್ಟಿಗೆ ಕೊಡುವ ಹಕ್ಕೇ ಪೇಟೆಂಟ್. ಬೋರ್ಡು ನೋಡಿ ಮೊದಲು ಬಂದವರಲ್ಲಿ ಇಬ್ಬರು ಪಾಸ್‌ಪೋರ್ಟ್ ಮಾಡಿಸಿಕೊಡಿ ಎಂದರು. ಲೋಕಾಪುರದ ಒಬ್ಬರು ಕರೆಂಟಿಲ್ಲದೆ, ಎಣ್ಣೆಯಿಲ್ಲದೆ ತನ್ನಷ್ಟಕ್ಕೆ ತಿರುಗುವ ಪಂಪ್‌ಸೆಟ್ಟಿನ ನಕ್ಷೆ ತಂದಿದ್ದರು. ಅವರಿಗೆ ಚಹಾ ಕುಡಿಸಿ ಕಳಿಸಿದೆ.

ನೌಕರಿಯುದ್ದಕ್ಕೂ ನಾನು ಮಾಡಿದ್ದು ಪರೀಕ್ಷಕನ ಕೆಲಸ. ಯಾರೋ ಕಷ್ಟಪಟ್ಟು ಕಂಡುಹಿಡಿದದ್ದನ್ನು ಓದಿ, ‘ಇದು ಹೊಸದಲ್ಲ, ಇದು ಜಾಣತನವಲ್ಲ, ಇದು ಅರ್ಥವಾಗುವುದಿಲ್ಲ’ ಎಂದು ಆಕ್ಷೇಪಣೆ ಬರೆಯುವುದು. ನಮ್ಮ ಕಡೆ ‘ಹೆಸರಿಡುವುದು’ ಎಂದರೆ ತಪ್ಪು ಹುಡುಕಿ ಆಡಿಕೊಳ್ಳುವುದು. ಬೀಳಗಿಯ ಕಡೆಯವಳಾದ ನನ್ನ ಹೆಂಡತಿ, ಮಂದಿಗೆ ಹೆಸರಿಟ್ಟು ಸಂಬಳ ತಗೊಂಡ ಗಂಡಸು ಭೂಮಿ ಮೇಲೆ ನೀವೊಬ್ಬರೇ ಎಂದು ನೆಂಟರ ಮುಂದೆ ನಗುತ್ತಿದ್ದಳು. ಮನೆಯಲ್ಲಿ ಚಟ್ನಿಗೂ ಆಕ್ಷೇಪಣೆ ಎತ್ತುವ ಚಾಳಿ ನನಗಿದ್ದದ್ದು ನಿಜ. ಈಗ ಏಜೆಂಟನಾಗಿ ಅದೇ ಆಕ್ಷೇಪಣೆಗಳಿಗೆ ಉತ್ತರ ಬರೆಯುವ ಪಾಳಿ ನನ್ನದಾಗಿತ್ತು.

ಹೀಗಿರುವಾಗ ಶಕುಂತಲಾ ಎಂಬ ಹೆಣ್ಣುಮಗಳು ಬಂದರು. ಸಾವಳಗಿಯ ಒಕ್ಕಲುತನದ ಮನೆಯ ಮಗಳು, ಬನಹಟ್ಟಿಯ ನೇಕಾರರ ಮನೆಯ ಸೊಸೆ, ಮುಧೋಳದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಸೀರೆಯ ಅಂಚಿನ ದಡಿ ಮತ್ತು ಸೆರಗಿಗೆ ವಿನ್ಯಾಸ ಬರೆಯುವ ಎಐ, ಅಂದರೆ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯೊಂದನ್ನು ಕಟ್ಟಿದ್ದರು. ಅದರ ವಿಶೇಷವೆಂದರೆ, ತಾನು ಬರೆದ ವಿನ್ಯಾಸವನ್ನು ತಾನೇ ಪರೀಕ್ಷಿಸಿ, ತಪ್ಪು ಕಂಡರೆ ತಾನೇ ಹರಿದುಹಾಕಿ ಮತ್ತೆ ಬರೆಯುತ್ತಿತ್ತು. ನನ್ನ ಜಾತಿಯ ಯಂತ್ರವೊಂದು ಹುಟ್ಟಿತಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಪೇಟೆಂಟ್ ಅರ್ಜಿಯನ್ನು ಆಕೆ ಯಾರ ನೆರವೂ ಇಲ್ಲದೆ, ವಿದೇಶದ ಅರ್ಜಿಗಳನ್ನು ಅಂತರ್ಜಾಲದಲ್ಲಿ ನೋಡಿ ತಾವೇ ಬರೆದು ಸಲ್ಲಿಸಿದ್ದರು. ಈಗ ಮೊದಲ ಪರೀಕ್ಷಾ ವರದಿ ಬಂದಿತ್ತು. ಅದಕ್ಕೆ ಉತ್ತರಿಸಲು ಆರು ತಿಂಗಳ ಅವಧಿ. ಅದರಲ್ಲಿ ಒಂದಷ್ಟು ದಿನ ವರದಿಯನ್ನು ಓದುವುದರಲ್ಲಿ, ಮತ್ತಷ್ಟು ದಿನ ಅಳುವುದರಲ್ಲಿ ಹೋಗಿದ್ದವು. ಆಕ್ಷೇಪಣೆಗಳು ಮುಖ್ಯವಾಗಿ ಎರಡು. ಬರೀ ಲೆಕ್ಕಾಚಾರಕ್ಕೆ, ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ನಮ್ಮ ಕಾಯ್ದೆ ಪೇಟೆಂಟ್ ಕೊಡುವುದಿಲ್ಲ. ಇದು ಅಂಥದ್ದೇ ಎನ್ನುವುದು ಒಂದು. ಒಂದು ಎಐ ಬರೆಯುವುದು, ಇನ್ನೊಂದು ವಿಮರ್ಶಿಸುವುದು, ಇದು ಈಗಾಗಲೇ ಜಗತ್ತಿಗೆ ಗೊತ್ತಿರುವ ಪದ್ಧತಿ ಎನ್ನುವುದು ಇನ್ನೊಂದು.

ಆಕೆಯ ಸಂಕಟ ಸಣ್ಣದಾಗಿರಲಿಲ್ಲ. ಪೇಟೆಂಟ್ ಅರ್ಜಿ ಒಂದು ಹಂತದಲ್ಲಿ ಪ್ರಕಟವಾಗುತ್ತದೆ, ಯಾರು ಬೇಕಾದರೂ ಓದಬಹುದು. ಹಕ್ಕು ಸಿಕ್ಕರೆ ಚಿಂತೆಯಿಲ್ಲ. ತಿರಸ್ಕೃತವಾದರೆ, ಬಾಗಿಲು ತೆರೆದಿಟ್ಟು ಬೀಗದ ಕೈಯನ್ನೂ ಹಂಚಿದಂತೆ. ಶಕುಂತಲಾ ಅವರ ಅರ್ಜಿ ಪ್ರಕಟವಾಗಿಹೋಗಿತ್ತು, ಸೀರೆಯ ದೊಡ್ಡ ಕಂಪನಿಯೊಂದರ ಜನ ಆಗಲೇ ಅದನ್ನು ಓದಿ ಫೋನ್ ಮಾಡಿದ್ದರು. ಮೂರು ವರ್ಷ ಕಾಲೇಜು, ಅಡುಗೆ ಎಲ್ಲ ಮುಗಿಸಿ ಕುಳಿತು ಕಟ್ಟಿದ ವಸ್ತು ಇನ್ನು ತನ್ನದಾಗಿ ಉಳಿಯುತ್ತದೋ ಇಲ್ಲವೋ ಎನ್ನುವುದೇ ಆಕೆಯ ಪ್ರಶ್ನೆ.

ಕಾಗದ ಓದಿ ನನಗೂ ಧೈರ್ಯ ಬರಲಿಲ್ಲ. ಪರೀಕ್ಷಕನ ಕುರ್ಚಿಯಲ್ಲಿ ನಾನೇ ಇದ್ದರೂ ಅದನ್ನೇ ಬರೆಯುತ್ತಿದ್ದೆ. ಯಂತ್ರವನ್ನು ಕಣ್ಣಾರೆ ನೋಡೋಣವೆಂದು ಬನಹಟ್ಟಿಗೆ ಹೋದೆ.

ಓಣಿಯ ಎರಡೂ ಬದಿ ಮಗ್ಗಗಳ ಸಪ್ಪಳ. ಮನೆಯೊಳಗೆ ಆರು ಪಾವರ್‌ಲೂಮುಗಳು. ಅವುಗಳ ಯಜಮಾನಿಕೆ ಶಕುಂತಲಾ ಅವರ ಅತ್ತೆ ಗೌರವ್ವನದು. ಎತ್ತರದ ಆಳು, ಮೊಣಕೈಯವರೆಗೆ ಹಸಿರು ಬಳೆ, ಮಗ್ಗದ ಸದ್ದಿನಲ್ಲಿ ಬದುಕಿದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುವ ಅಭ್ಯಾಸ. ನನ್ನನ್ನು ನೋಡಿ ಕುಳಿತುಕೊಳ್ಳಲು ಹೇಳಿದರು, ಆಮೇಲೆ ಬಂದ ಕೆಲಸವೇನೆಂದು ಕೇಳದೆ ಮಗ್ಗದ ಕಡೆ ಹೊರಟುಹೋದರು. ಅದು ನನಗೆ ತುಸು ವಿಚಿತ್ರವೆನಿಸಿತು.

ಶಕುಂತಲಾ ಲ್ಯಾಪ್‌ಟಾಪಿನಲ್ಲಿ ಯಂತ್ರವನ್ನು ಓಡಿಸಿದರು. ಪರದೆಯ ಮೇಲೆ ನವಿಲು, ಬಳ್ಳಿ, ಗೋಪುರದ ದಡಿ ಚೆಂದವಾಗಿ ಮೂಡಿತು. ಮರುಕ್ಷಣವೇ ಯಂತ್ರ ಅದನ್ನು ಅಳಿಸಿತು. ಇನ್ನೊಂದು ಬರೆದು ಅದನ್ನೂ ಅಳಿಸಿತು. ನನ್ನ ಕಣ್ಣಿಗೆ ಎಲ್ಲವೂ ಒಂದಕ್ಕಿಂತ ಒಂದು ಚೆಂದ ಕಾಣುತ್ತಿದ್ದವು. ಯಾಕೆ ಅಳಿಸುತ್ತಿದೆ ಎಂದೆ.

“ಉಲ್ಟಾ ಮಗ್ಗಲ ಛಲೋ ಬಂದಿಲ್ರಿ ಸರ್,” ಎಂದರು, ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎನ್ನುವಷ್ಟು ಸಹಜವಾಗಿ.

ಆಮೇಲೆ ಬಿಡಿಸಿ ಹೇಳಿದರು. ಮದುವೆಯಾಗಿ ಬಂದ ಹೊಸದರಲ್ಲಿ ತಾವು ಕಂಪ್ಯೂಟರಿನಲ್ಲಿ ಬರೆದ ಮೊದಲ ದಡಿಯನ್ನು ನೇಯಿಸಿ ಅತ್ತೆಗೆ ತೋರಿಸಿದ್ದರಂತೆ. ಗೌರವ್ವ ಅದರ ಮುಖ ಸಹ ನೋಡದೆ ಮಗುಚಿ, ಬಳೆ ತೊಟ್ಟ ಕೈಯನ್ನು ಹಿಂಬದಿಯ ಮೇಲೆ ಸರ್ರನೆ ಎಳೆದರಂತೆ. ಬಳೆಗೆ ಎಳೆಗಳು ಸಿಕ್ಕಿಕೊಂಡವು. ಮುಂದೆ ಹೂವು ಚೆಂದ ಕಾಣಲೆಂದು ದೂರದೂರ ಚುಕ್ಕೆ ಇಟ್ಟರೆ ಹಿಂದೆ ದಾರ ಉದ್ದಕ್ಕೆ ಜೋತುಬೀಳುತ್ತದೆ. ಉಟ್ಟವಳ ಬಳೆಗೋ ಕಾಲುಂಗುರಕ್ಕೋ ಸಿಕ್ಕಿ ಹರಿಯುತ್ತದೆ. ಆ ಓಣಿಯಲ್ಲಿ ಹೊಸ ಮಾದರಿ ನೇಯ್ದ ದಿನ ಹೆಂಗಸರೆಲ್ಲ ಹೀಗೆ ಕೈಯಾಡಿಸಿಯೇ ಒಪ್ಪಿಗೆ ಕೊಡುವ ಪದ್ಧತಿ.

ಶಕುಂತಲಾ ಮೊದಲು ಕಟ್ಟಿದ ಯಂತ್ರ ವಿನ್ಯಾಸದ ಮುಖವನ್ನೇ ನೋಡಿ ವಿಮರ್ಶಿಸುತ್ತಿತ್ತು, ತಾನು ಬರೆದದ್ದಕ್ಕೆಲ್ಲ ಶಹಬ್ಬಾಸ್ ಎನ್ನುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು. ಎಐ ಕೂಡ ಈ ಮಾತಿಗೆ ಹೊರತಲ್ಲ. ಆಗ ಆಕೆ ವಿಮರ್ಶಿಸುವ ಭಾಗಕ್ಕೆ ಮುಖವನ್ನು ತೋರಿಸುವುದನ್ನೇ ಬಿಟ್ಟು, ವಿನ್ಯಾಸವನ್ನು ಲೆಕ್ಕದಲ್ಲೇ ಮಗುಚಿ, ಹಿಂಬದಿಯ ಪ್ರತಿ ಎಳೆ ಎಷ್ಟು ಉದ್ದ ಜೋಲುತ್ತದೆ ಎಂಬುದನ್ನು ಮಾತ್ರ ಕೊಟ್ಟರು. ಅಂದಿನಿಂದ ಯಂತ್ರ ತನಗೆ ತಾನೇ ಮುಲಾಜಿಲ್ಲದೆ ಹೆಸರಿಡತೊಡಗಿತು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅರ್ಜಿಯಲ್ಲಿ ಇದರ ಸುದ್ದಿಯನ್ನೇ ನಾನು ಕಂಡಿರಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

“ಇದನ್ನೇನ್ ಬರಿಯೂದ್ರಿ ಸರ್? ಬನಹಟ್ಟ್ಯಾಗ ಸಣ್ಣ ಹುಡುಗ್ರೂ ಅರಿವಿ ತಿರಿವೇ ನೋಡ್ತಾವು.” ಅರಿವಿ ತಿರುವುವುದು, ಅಂದರೆ ಬಟ್ಟೆ ಮಗುಚುವುದು, ಅಲ್ಲಿ ಅಷ್ಟು ಸಾಮಾನ್ಯ.

ಇಂಥ ತಪ್ಪನ್ನು ನೇಕಾರರ ಊರಿನವರಷ್ಟೇ ಮಾಡಬಲ್ಲರು. ಚೆನ್ನೈನವರಿಗೆ ಹೊಸದಾಗಿ ಕಾಣುವುದು ಇವರಿಗೆ ಉಸಿರಾಡಿದಷ್ಟು ಹಳೆಯದು. ನಾನು ಅವಸರದಲ್ಲಿ ಅರ್ಜಿಯನ್ನು ಮತ್ತೆ ತೆಗೆದೆ. ಯಾಕೆಂದರೆ ಪೇಟೆಂಟ್ ಕಾಯ್ದೆಯಲ್ಲಿ, ಮೊದಲು ಸಲ್ಲಿಸಿದ ವಿವರಣೆಯಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸುವಂತಿಲ್ಲ. ಇಬ್ಬರೂ ಕುಳಿತು ಅರ್ಜಿಯಲ್ಲಿದ್ದ ಪ್ರೋಗ್ರಾಮಿನ ವಿವರವನ್ನು ಸಾಲುಸಾಲಾಗಿ ಓದಿದೆವು. ಮಗುಚುವ ಲೆಕ್ಕ, ಎಳೆ ಎಣಿಸುವ ಲೆಕ್ಕ ಎರಡೂ ಗಣಿತದ ರೂಪದಲ್ಲಿ ಅಲ್ಲಿದ್ದವು. ಸೀರೆ, ಬಳೆ, ಹಿಂಬದಿ ಎಂಬ ಮಾತಿರಲಿಲ್ಲ, ಅಷ್ಟೇ. ಇಷ್ಟಿದ್ದರೆ ವಾದ ಮಾಡಬಹುದಿತ್ತು.

ಇನ್ನೊಂದು ತೊಡಕು ಉಳಿದಿತ್ತು. ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ವಾಕ್ಯಗಳಿಗೆ ಕ್ಲೇಮ್ ಎನ್ನುತ್ತೇವೆ. ಶಕುಂತಲಾ ವಿದೇಶದ ಧಾಟಿಯಲ್ಲಿ ಒಂದು ದೊಡ್ಡ ಕ್ಲೇಮ್ ಬರೆದಿದ್ದರು: ನೇಯ್ಗೆಯ ವಿನ್ಯಾಸ ತಯಾರಿಸಿ, ಅದನ್ನು ‘ಯಾವುದೇ ಸಾಧನದಿಂದ’ ಪರೀಕ್ಷಿಸಿ ತಿದ್ದುವ ವಿಧಾನ. ಇದನ್ನು ಕೈಬಿಡಿ, ಹಿಂಬದಿಯ ಎಳೆ ಅಳೆಯುವ ಯಂತ್ರದ್ದಷ್ಟೇ ಇಟ್ಟುಕೊಳ್ಳಿ ಎಂದೆ. ಆಕೆ ಒಪ್ಪಲಿಲ್ಲ. ಮೂರು ವರ್ಷದ ದುಡಿಮೆಯನ್ನು ಎಲ್ಲರೂ ಸೇರಿ ಹಿಂಡಿ ಹಿಂಡಿ ಸಣ್ಣದು ಮಾಡುತ್ತಿದ್ದೀರಿ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಸರಿ, ಯಂತ್ರದ ಕ್ಲೇಮನ್ನು ಮೊದಲು ಮಾಡಿ, ದೊಡ್ಡದನ್ನು ಎರಡನೆಯದಾಗಿ ಉಳಿಸಿ ಉತ್ತರ ಕಳಿಸಿದೆವು.

ಮರುವರ್ಷ ವಿಡಿಯೊ ಮೂಲಕ ವಿಚಾರಣೆ ನಿಗದಿಯಾಯಿತು. ವಿಚಾರಣೆ ನಡೆಸಿ ತೀರ್ಪು ಕೊಡುವ ಅಧಿಕಾರಿಗೆ ಕಂಟ್ರೋಲರ್ ಎನ್ನುತ್ತಾರೆ. ಈ ಕಂಟ್ರೋಲರ್ ಮೇಡಂ ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತವರು. ಆರಂಭದಲ್ಲೇ ಆ ಸಂಗತಿಯನ್ನು ದಾಖಲೆಗೆ ಬರೆಸಿ, ಅದರಿಂದ ಏನೂ ಸಡಿಲಾಗದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಸಡಿಲಾಗದು ಎಂಬುದು ನನಗೆ ಗೊತ್ತಿತ್ತು, ಕಲಿಸಿದವನು ನಾನೇ.

ನಾವು ಬನಹಟ್ಟಿಯ ಮನೆಯಲ್ಲೇ ಕುಳಿತಿದ್ದೆವು. ತಮ್ಮ ಮಗ್ಗಗಳನ್ನು ನಿಲ್ಲಿಸಿದ್ದರೂ ನೆರೆಮನೆಯ ಸಪ್ಪಳ ಬರುತ್ತಿತ್ತು. ಗೌರವ್ವ ಹಿಂದೆ ಗೋಡೆಗೊರಗಿ ಕುಳಿತಿದ್ದರು. ಮೇಡಂ ನೇರವಾಗಿ ಬುಡಕ್ಕೇ ಕೈಹಾಕಿದರು. ವಿನ್ಯಾಸ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದು ರುಚಿಯ ಮಾತು. ಯಂತ್ರ ತನ್ನ ರುಚಿ ಹೇಳಿದರೆ ಅದರಲ್ಲಿ ತಂತ್ರಜ್ಞಾನ ಎಲ್ಲಿದೆ ಎಂದರು. ಇದು ರುಚಿಯಲ್ಲ, ಅಳತೆ ಎಂದು ನಾನು ವಾದಿಸಿದೆ. ಅವರ ಮುಖ ಸಡಿಲಾಗಲಿಲ್ಲ. ಯಂತ್ರ ಪಾಸು ಮಾಡಿದ ವಿನ್ಯಾಸದಲ್ಲಿ ನೇಯ್ದ ಬಟ್ಟೆ ಇದೆಯೇ ಎಂದು ಕೇಳಿದರು.

ಶಕುಂತಲಾ ಮಾದರಿ ಸೀರೆಯೊಂದನ್ನು ಕ್ಯಾಮೆರಾದ ಮುಂದೆ ಹಿಡಿದರು. ಅದರ ಇನ್ನೊಂದು ತುದಿ ಹಿಂದೆ ಕುಳಿತ ಗೌರವ್ವನ ಮಡಿಲಿಗೆ ಬಿತ್ತು. ಬಟ್ಟೆ ಕೈಗೆ ಬಂದರೆ ಸುಮ್ಮನಿರುವ ಜೀವವೇ ಅದು? ಮಗುಚಿ, ಬಳೆಯ ಕೈಯನ್ನು ಉದ್ದಕ್ಕೂ ಎಳೆದು, ಮೈಕು ಆನ್ ಇರುವುದನ್ನು ಮರೆತು ಎಂದಿನ ದನಿಯಲ್ಲಿ ಹೇಳಿದರು:

“ಬಣ್ಣ ಒಂದೀಟೂ ಛಲೋ ಇಲ್ಲ. ಉಟಗೊಂಡ್ರ ಬದನಿಕಾಯಿ ಕಂಡಂಗ ಕಾಣತೈತಿ. ಆದ್ರ ಎಳಿ ಬಳಿಗೆ ಎಲ್ಲೂ ಸಿಗವಲ್ದು.”

ಶಕುಂತಲಾ ಕಣ್ಣು ಮುಚ್ಚಿಕೊಂಡರು. ಆ ಅಮ್ಮ ಏನು ಹೇಳಿದರು ಎಂದು ಮೇಡಂ ಕೇಳಿದರು.

ಮೇಡಂಗೆ ಕನ್ನಡ ಬಾರದು. ‘ತುಂಬಾ ಚೆನ್ನಾಗಿದೆ ಅಂದರು’ ಎಂದು ನಾನು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಿಜವಾಗಿಯೂ ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಕಡೆಯವರೇ ನಮ್ಮ ಸೀರೆಯನ್ನು ಬದನೆಕಾಯಿ ಎಂದರು ಎಂದು ಯಾವ ಏಜೆಂಟ್ ಹೇಳಿಯಾನು? ಆದರೂ ಹೇಳಿದೆ. ಬದನೆಕಾಯಿಯನ್ನೂ ಬಿಡದೆ, ಬಳೆಯನ್ನೂ ಬಿಡದೆ, ಅಂದದ್ದನ್ನು ಅಂದಹಾಗೆ ಇಂಗ್ಲಿಷಿಗೆ ಇಳಿಸಿದೆ.

ಮೇಡಂ, ಬಣ್ಣದ ಬಗ್ಗೆ ಯಂತ್ರವೇಕೆ ಏನೂ ಹೇಳಲಿಲ್ಲ ಎಂದು ಶಕುಂತಲಾ ಅವರನ್ನೇ ಕೇಳಿದರು. ಆಕೆ ಧೈರ್ಯ ತಂದುಕೊಂಡು, ಬಣ್ಣದ ವಿಚಾರ ಅದಕ್ಕೆ ಗೊತ್ತೇ ಇಲ್ಲ, ಅದು ಎಳೆಯ ಉದ್ದವನ್ನು ಮಾತ್ರ ಅಳೆಯುತ್ತದೆ, ಅದೂ ದಾರ ಮಗ್ಗಕ್ಕೆ ಏರುವ ಮೊದಲೇ ಎಂದರು. ಓಣಿಯವರು ಮಗುಚಿ ನೋಡುವುದು ನೇಯ್ದ ಮೇಲೆ. ಆಗ ತಪ್ಪು ಕಂಡರೂ ದಾರ ಹಾಳಾಗಿರುತ್ತದೆ ಎಂದೂ ಸೇರಿಸಿದರು. ನನ್ನ ಅರ್ಧ ಗಂಟೆಯ ವಾದ ಮಾಡದ ಕೆಲಸವನ್ನು ಗೌರವ್ವನ ಬದನೆಕಾಯಿ ಮಾಡಿತ್ತು. ರುಚಿ ಬೇರೆ, ಅಳತೆ ಬೇರೆ ಎಂಬುದಕ್ಕೆ ಒಂದೇ ಸೀರೆಯ ಮೇಲೆ ಎರಡೂ ಸಾಕ್ಷಿ ಸಿಕ್ಕಿದ್ದವು.

ನಾನು ಗೆದ್ದೆವೆಂದುಕೊಳ್ಳುವಷ್ಟರಲ್ಲಿ ಮೇಡಂ ಎರಡನೇ ಕ್ಲೇಮಿಗೆ ಬಂದರು. ಆ ಅಮ್ಮ ಈಗ ಕೈಯಿಂದ ಮಾಡಿದ್ದೂ ‘ಯಾವುದೇ ಸಾಧನದಿಂದ’ ಎಂಬುದರೊಳಗೆ ಬರುತ್ತದಲ್ಲವೇ ಎಂದು ಕೇಳಿದರು.

ಶಕುಂತಲಾ ತಿರುಗಿ ಅತ್ತೆಯನ್ನು ನೋಡಿದರು. ಗೌರವ್ವ ಇನ್ನೂ ಸೀರೆಯ ಹಿಂಬದಿಯನ್ನು ಸವರುತ್ತಲೇ ಇದ್ದರು. ಇಷ್ಟು ತಿಂಗಳು ನನ್ನ ಮಾತಿಗೆ ಜಗ್ಗದ ಹೆಣ್ಣುಮಗಳು ಒಂದೇ ಮಾತಿನಲ್ಲಿ ಹೇಳಿದರು: “ಅದನ್ನ ತೆಗದ ಹಾಕ್ರಿ ಸರ್.” ನಾನು ಅಲ್ಲೇ ಆ ಕ್ಲೇಮನ್ನು ಹಿಂತೆಗೆದುಕೊಂಡೆ.

ಕೆಲವು ವಾರಗಳ ನಂತರ ಆದೇಶ ಬಂತು. ಮೊದಲ ಕ್ಲೇಮಿಗೆ ಪೇಟೆಂಟ್ ಮಂಜೂರಾಗಿತ್ತು. ಫೋನಿನಲ್ಲಿ ಹೇಳಿ ಮುಗಿಸುವ ಸುದ್ದಿಯಲ್ಲವೆಂದು ಬಸ್ಸು ಹತ್ತಿ ನಾನೇ ಬನಹಟ್ಟಿಗೆ ಹೋದೆ. ಶಕುಂತಲಾ ನಗುತ್ತಲೂ ಅಳುತ್ತಲೂ ಪೇಢೆ ಹಂಚಿದರು. ಅಕ್ಕಪಕ್ಕದವರು ಬಂದು ಕೂಡಿದರು. ಗೌರವ್ವ ಮಾತ್ರ ಕೈಯಲ್ಲಿ ಪೇಢೆ ಹಿಡಿದುಕೊಂಡು, ಬಾಯಿಗೆ ಹಾಕಿಕೊಳ್ಳದೆ ನಿಂತಿದ್ದರು. ಜೀವನದಲ್ಲಿ ಮೊದಲ ಸಲವೇನೋ, ಸಣ್ಣ ದನಿಯಲ್ಲಿ ಕೇಳಿದರು:

“ಸಾಹೇಬ್ರ, ಇನ್ನ ಮ್ಯಾಲ ನಾವು ಅರಿವಿ ತಿರಿವಿ ನೋಡಬೇಕಂದ್ರ ಸೊಸಿನ್ನ ಕೇಳಬೇಕೇನ್ರಿ?”

ಅರ್ಜಿ ಹಾಕಿದ ದಿನದಿಂದಲೂ ಓಣಿಯಲ್ಲಿ ಹಾಗೆಂದು ಸುದ್ದಿ ಹಬ್ಬಿತ್ತಂತೆ. ಸೊಸೆಯ ಉತ್ಸಾಹಕ್ಕೆ ತಣ್ಣೀರು ಎರಚಬಾರದೆಂದು ಅತ್ತೆ ಅಷ್ಟು ಕಾಲ ಅದನ್ನು ಒಳಗೇ ಇಟ್ಟುಕೊಂಡಿದ್ದರು. ಮೊದಲ ದಿನ ಅವರು ಏನೂ ಕೇಳದೆ ಹೊರಟುಹೋದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು.

ಯಾರನ್ನೂ ಕೇಳಬೇಕಿಲ್ಲ, ಕೈಯಿಂದ ನೋಡುವುದು ಹಿಂದೆ ಹೇಗೆ ಎಲ್ಲರದೋ ಮುಂದೆಯೂ ಹಾಗೆಯೇ ಎಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಆ ಎರಡನೇ ಕ್ಲೇಮ್ ಯಾರ ಕಣ್ಣಿಗೂ ಬೀಳದೆ ದಾಟಿಹೋಗಿದ್ದರೆ, ಇಷ್ಟು ನೆಟ್ಟಗೆ ಉತ್ತರಿಸಲು ನನಗೆ ಬಾಯಿ ಬರುತ್ತಿರಲಿಲ್ಲ.

ಆಕ್ಷೇಪಣೆ ಎಂದರೆ ಶೋಧಕರ ಕೈ ಕಟ್ಟುವ ಕೆಲಸವೆಂದು ಜನ ತಿಳಿದಿದ್ದಾರೆ. ಎಷ್ಟೋ ವರ್ಷ ನಾನೂ ಹಾಗೆಯೇ ತಿಳಿದು ಬೇಸರಪಟ್ಟಿದ್ದುಂಟು. ಒಬ್ಬರ ಹೊಲಕ್ಕೆ ಬದು ಹಾಕುವಾಗ ಪಕ್ಕದವರ ನೆಲ ಒತ್ತದಂತೆ ನೋಡುವವರೂ ಒಬ್ಬರು ಬೇಕು. ಹೆಸರಿಡುವ ನನ್ನ ನೌಕರಿ ಅದೇ ಆಗಿತ್ತು ಎಂದು ನಿವೃತ್ತನಾದ ಮೇಲೆ, ಬನಹಟ್ಟಿಯ ಒಂದು ಓಣಿಯಲ್ಲಿ ನಿಂತು ತಿಳಿದುಕೊಂಡೆ.

ಗೌರವ್ವ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪೇಢೆಯನ್ನು ಎರಡು ಮಾಡಿ, ಅರ್ಧವನ್ನು ಸೊಸೆಯ ಬಾಯಿಗೆ ತುರುಕಿ, “ಈಗ ತಿನ್ನೂಣು ಬಾ,” ಎಂದರು.